ತಂಬೂರಿಯ ಜೀವ

ಸಿದ್ದಾಪುರದ ಹತ್ತಿರ ನಮ್ಮ ತವರುಮನೆಯ ಒಳಕೋಣೆಯಲ್ಲಿ, ಗೋಡೆಗೆ ಒರಗಿ ಒಂದು ತಂಬೂರಿ ಇರುತ್ತಿತ್ತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮರಳಿ ಬಂದ ನನ್ನ ಸೋದರತ್ತೆಗಾಗಿ ಅಜ್ಜ ತರಿಸಿದ್ದು. ಮೀರಜಿನಿಂದ ರೈಲಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಯಲ್ಲಾಪುರ, ಶಿರಸಿ ದಾಟಿ ಊರಿಗೆ, ಕಂಬಳಿ ಸುತ್ತಿಕೊಂಡು ಬಂದಿತ್ತಂತೆ.

ನಾನು ಐದನೆಯ ತರಗತಿಯಲ್ಲಿದ್ದಾಗ ಒಂದು ನವರಾತ್ರಿ. ಸಂಜೆ ಭಜನೆಗೆ ಊರಿನ ಹೆಂಗಸರು ಬರುವವರಿದ್ದರು. ಅತ್ತೆಗೆ ಸಹಾಯವಾಗಲೆಂದು ತಂಬೂರಿ ಒರೆಸಿದೆ. ನಾಲ್ಕು ತಂತಿಗಳ ಕೆಳಗೆ, ಕುದುರೆಯ ಮೇಲೆ, ನಾಲ್ಕು ನೂಲಿನ ಎಳೆಗಳು ಕಂಡವು. ಕಸವೆಂದು ಕಿತ್ತೆಸೆದೆ. ಸಂಜೆ ಅತ್ತೆ ಮೀಟಿದರೆ ಬರೀ ಬೋಳು ದನಿ. ಎಲ್ಲರೂ ಅವಳ ಮುಖ ನೋಡಿದರು. ನಾನು ಅಳುವುದೊಂದೇ ಬಾಕಿ. ಅತ್ತೆ ಬೈಯಲಿಲ್ಲ. "ಅದು ಕಸ ಅಲ್ಲ ಕೂಸೆ, ತಂಬೂರಿ ಜೀವ" ಎಂದವಳೇ ಸೆರಗಿನ ಅಂಚಿನಿಂದ ಎಳೆ ಹಿರಿದು ತಂತಿಯಡಿ ತೂರಿಸಿದಳು. ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಸರಿಸುತ್ತ ಕಿವಿಗೊಟ್ಟಳು. ಒಂದು ಜಾಗದಲ್ಲಿ ದನಿ ಒಮ್ಮೆಗೇ ಅರಳಿತು.

ಆ ಎಳೆಯ ಮಹಿಮೆ ಏನೆಂದು ತಿಳಿದದ್ದು ನಾನು ಶಿಕ್ಷಕಿಯಾದ ಮೇಲೆ. ತಂತಿ ತೆಳ್ಳಗಿನದು, ತಾನೊಂದೇ ಕಂಪಿಸಿದರೆ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅದರ ಕಂಪನವನ್ನು ಕುದುರೆ ಮರದ ಹಲಗೆಗೆ ದಾಟಿಸುತ್ತದೆ. ಹಲಗೆ ಮತ್ತು ಸೋರೆ ಬುರುಡೆ ಅದನ್ನು ಕೋಣೆಗೆಲ್ಲ ಹರಡುತ್ತವೆ. ಬಿಗಿ ಹೆಚ್ಚಿದರೆ ಸ್ವರ ಏರುತ್ತದೆ, ತಂತಿ ದಪ್ಪವಾದರೆ ಇಳಿಯುತ್ತದೆ, ಉದ್ದ ಅರ್ಧವಾದರೆ ಮೇಲಿನ ಷಡ್ಜ. ಪಿಟೀಲಿಗೂ ವೀಣೆಗೂ ಇದೇ ಲೆಕ್ಕ.

ಆದರೆ ತಂಬೂರಿಯ ಕುದುರೆ ಚೂಪಲ್ಲ, ಅಗಲವಾಗಿ ಸ್ವಲ್ಪ ಬಾಗಿದೆ. ನೂಲು ತಂತಿಯನ್ನು ಚೂರೇ ಎತ್ತಿ ಹಿಡಿಯುತ್ತದೆ. ಕಂಪಿಸುವ ತಂತಿ ಕುದುರೆಯ ಮೈಯನ್ನು ಮತ್ತೆ ಮತ್ತೆ ಸವರಿ ಹೋಗುತ್ತದೆ. ಆಗ ಮೂಲಸ್ವರದ ಜೊತೆಗೆ ಹತ್ತಾರು ಉಪಸ್ವರಗಳು ಎದ್ದು ಬರುತ್ತವೆ. ನಾವು ಜೇಂಕಾರ ಎನ್ನುವುದು ಇದನ್ನೇ.

ಸರ್ ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ತಂಬೂರಿ ಮತ್ತು ವೀಣೆಗಳ ಕುರಿತು ಈ ವಿಷಯವನ್ನೇ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ, ಆ ಬಿಂದುವಿನಲ್ಲಿ ಅಲುಗದೆ ನಿಲ್ಲುವ ಉಪಸ್ವರಗಳು ಹುಟ್ಟಬಾರದೆಂಬುದು ಪಾಶ್ಚಾತ್ಯ ವಿಜ್ಞಾನಿಗಳ ನಿಯಮ. ನಮ್ಮ ವಾದ್ಯಗಳಲ್ಲಿ ಅವೂ ಕೇಳಿಸುತ್ತವೆ ಎಂದು ರಾಮನ್ ತೋರಿಸಿದರು. ಅವರ ಪತ್ನಿ ಲೋಕಸುಂದರಿ ವೀಣೆ ನುಡಿಸುತ್ತಿದ್ದರು ಎಂಬುದನ್ನು ಓದಿದಾಗ ನನಗೆ ಖುಷಿಯಾಯಿತು.

ಆದರೆ ಕುದುರೆಯನ್ನು ಹಾಗೆ ಉಜ್ಜಿ ಬಾಗಿಸಿದವರು ಪ್ರಯೋಗಾಲಯದವರಲ್ಲ. ಕತ್ತಿ-ಗುರಾಣಿ ಮಾಡುತ್ತಿದ್ದ ಕುಶಲಕರ್ಮಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮೀರಜಿನಲ್ಲಿ ತಂಬೂರಿಯ ಕೆಲಸಕ್ಕೆ ಕೈ ಹಾಕಿದರೆಂದು ಅಲ್ಲಿನವರು ಹೇಳುತ್ತಾರೆ. ಮೀರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅದೇ ಮೀರಜಿನಲ್ಲಿ ಅಬ್ದುಲ್ ಕರೀಂ ಖಾನರು ನೆಲೆಸಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ಅತ್ತೆಗೆ ಸಿಕ್ಕ ಗುರು ಆ ರೇಡಿಯೊ ಒಂದೇ. ಗಂಗೂಬಾಯಿ ಹಾಡುತ್ತಿದ್ದರೆ ಒಲೆ ಮೇಲಿನ ಹಾಲು ಉಕ್ಕಿದರೂ ಅವಳು ಏಳುತ್ತಿರಲಿಲ್ಲ.

ಅತ್ತೆ ಹೊರಗಿನ ಜಗಲಿಯಲ್ಲಿ ಒಮ್ಮೆಯೂ ಹಾಡಲಿಲ್ಲ. ಹಾಡು ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ರಾಮನ್‌ರ ಹೆಸರು ಗೊತ್ತಿರಲಿಕ್ಕಿಲ್ಲ. ಅವರು ಬರೆದದ್ದು ಅವಳ ಬೆರಳಿಗೆ ಗೊತ್ತಿತ್ತು.

ತಂಬೂರಿ ಈಗ ಶಿರಸಿಯ ನಮ್ಮ ಮನೆಯಲ್ಲಿದೆ. ಮಳೆಗಾಲದ ತೇವಕ್ಕೆ ಬಿರಡೆಗಳು ಬಿಗಿದುಕೊಳ್ಳುತ್ತವೆ, ತಂತಿಗೆ ತುಕ್ಕು ಹಿಡಿಯುತ್ತದೆ. ಭಜನೆಗೆ ಗುಂಡಿ ಒತ್ತಿದರೆ ಸಾಕಾಗುವ ಶ್ರುತಿಪೆಟ್ಟಿಗೆಯನ್ನೇ ಇಟ್ಟುಕೊಂಡಿದ್ದೆ. ಕಳೆದ ನವರಾತ್ರಿಯಲ್ಲಿ ಮನಸ್ಸು ತಡೆಯದೆ ಹೊಸ ತಂತಿ ಹಾಕಿಸಿದೆ. ಅತ್ತೆಯ ಹಳೆಯ ಸೀರೆಯಿಂದ ನಾಲ್ಕು ಎಳೆ ಹಿರಿದು, ಕುದುರೆಯ ಮೇಲೆ ಸರಿಸುತ್ತ ಕುಳಿತೆ. ಮೂರು ತಂತಿಗಳು ಒಲಿದವು. ನಾಲ್ಕನೆಯದು, ಖರ್ಜದ್ದು, ಇನ್ನೂ ಪೂರ್ತಿ ಅರಳಿಲ್ಲ. ಅತ್ತೆ ಇದ್ದಾಗಲೇ ಕೇಳಿಕೊಳ್ಳಬೇಕಿತ್ತು.