ಟವೆಲ್ ಕೆಳಗಿನ ಬೆರಳುಗಳು

ನಮ್ಮ ತಾತ ದನದ ಸಂತೆಗೆ ಹೊರಟರೆ ಹೆಗಲ ಮೇಲೆ ಟವೆಲ್ ಇರಲೇಬೇಕು. ಬೆವರು ಒರೆಸುವುದಕ್ಕಲ್ಲ, ವ್ಯಾಪಾರಕ್ಕೆ. ಹೊಸೂರು, ತಳಿ, ಡೆಂಕಣಿಕೋಟೆ ಸೀಮೆ ಮೊದಲಿನಿಂದಲೂ ದನಕರುಗಳ ಸೀಮೆ. ಮತ್ತಿಗಿರಿಯ ಸರ್ಕಾರಿ ದನದ ಫಾರಂ 1824ರಷ್ಟು ಹಳೆಯದು. ಹಳ್ಳಿಕಾರ್ ಎತ್ತುಗಳ ಜೋಡಿ ಬೇಕೆಂದರೆ ಗಡಿ ದಾಟಿ ಕರ್ನಾಟಕದ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೂ ಹೋಗುತ್ತಿದ್ದರು.

ಕೊಳ್ಳುವವನೂ ದಲ್ಲಾಳಿಯೂ ಟವೆಲ್ ಕೆಳಗೆ ಕೈ ಸೇರಿಸುತ್ತಿದ್ದರು. ಎಷ್ಟು ಬೆರಳು ಹಿಡಿದರೆ ಅಷ್ಟು. ಅದು ನೂರೋ ಸಾವಿರವೋ ಎಂಬುದು ಎತ್ತಿನ ಹಲ್ಲು, ಸುಳಿ ನೋಡಿದವರಿಗೆ ಹೇಳದೆಯೇ ಗೊತ್ತು. ಬಾಯಲ್ಲಿ ‘ಇಷ್ಟಕ್ಕೆ ಬಾರಣ್ಣ’, ‘ಆಗಲ್ಲಪ್ಪ, ಇನ್ನೊಂದು ಸೇರಿಸು’ ಎಂಬ ಮಾತಷ್ಟೇ. ಸುತ್ತ ಜನ ನಿಂತಿದ್ದರೂ ಬೆಲೆ ಇಬ್ಬರಲ್ಲೇ ಉಳಿಯುತ್ತಿತ್ತು. ಒಬ್ಬನ ಕಷ್ಟದ ಬೆಲೆ ಪಕ್ಕದವನ ಎತ್ತಿಗೆ ಅಳತೆಗೋಲಾಗಬಾರದು, ಮಾರುವವನ ಮಾನವೂ ಉಳಿಯಬೇಕು. ತಮಿಳು, ತೆಲುಗು, ಕನ್ನಡ ಮೂರೂ ಓಡಾಡುವ ಸಂತೆಯಲ್ಲಿ ಬೆರಳಿಗೆ ಭಾಷೆಯ ಹಂಗೂ ಇರಲಿಲ್ಲ. ಈ ವಿದ್ಯೆಯನ್ನು ತಾತ ಅಪ್ಪನಿಗೆ ಕಲಿಸಿದ್ದು ಸಂತೆಯಲ್ಲೇ, ಕೈ ಹಿಡಿದು.

ಹುಡುಗಿಯರಾದ ನಮಗೆ ಬೇರೆ ಗುಟ್ಟಿತ್ತು. ಪ್ರತಿ ಅಕ್ಷರದ ಹಿಂದೆ ‘ಕ’ ಸೇರಿಸಿ ಮಾತಾಡುತ್ತಿದ್ದೆವು. ‘ನಾಳೆ ಬಾ’ ಎನ್ನುವುದು ‘ಕನಾಕಳೆ ಕಬಾ’ ಆಗುತ್ತಿತ್ತು. ಅಮ್ಮನಿಗೆ ತಿಳಿಯದು ಅಂದುಕೊಂಡಿದ್ದೆವು. ಅವರೂ ಚಿಕ್ಕಂದಿನಲ್ಲಿ ಅದನ್ನೇ ಆಡಿದ್ದವರು. ಒಲೆ ಮುಂದೆ ಕೂತು ಎಲ್ಲ ಕೇಳಿಸಿಕೊಂಡು, ಬೇಕಾದಾಗ ಮಾತ್ರ ಬಾಯಿ ಹಾಕುತ್ತಿದ್ದರು. ಮಕ್ಕಳ ಗುಟ್ಟನ್ನು ಕಾದದ್ದು ಈ ತಿಳಿವಳಿಕೆಯೇ ಎಂದು ನಾನು ನಂಬುತ್ತೇನೆ.

ನಾನು ಕನ್ನಡ ಟೀಚರಾಗಿ ಸೇರಿದ ಮೇಲೆ ಮಕ್ಕಳ ಪುಸ್ತಕದ ಕೊನೆಯ ಹಾಳೆಗಳಲ್ಲಿ 143 ಕಾಣಿಸತೊಡಗಿತು. ಇಂಗ್ಲಿಷಿನ ಪ್ರೇಮದ ಮೂರು ಪದಗಳ ಅಕ್ಷರ ಎಣಿಕೆ ಅದು. ಮಿಸ್ಡ್ ಕಾಲ್ ಕೊಟ್ಟರೆ ‘ಮನೆ ಮುಟ್ಟಿದೆ’ ಎಂದರ್ಥ. ಅಷ್ಟರವರೆಗೂ ನಮಗೆ ಎಟುಕುತ್ತಿತ್ತು.

ಹಿರಿಯರಿಂದ ಕಿರಿಯರಿಗೆ ಸಾಗಿಬಂದ ಗುಟ್ಟಿನ ಈ ಸರಪಳಿ ಕಡಿದದ್ದು 2020ರಲ್ಲಿ. ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಬಂತು. ಮನೆಗೊಂದೇ ಇದ್ದ ಫೋನು ಮಕ್ಕಳ ಕೈಗೆ ಹೋಯಿತು. ಅವರ ಹೊಸ ಗುಟ್ಟು ಅಮ್ಮನಿಂದಲೋ ಅಕ್ಕನಿಂದಲೋ ಬಂದದ್ದಲ್ಲ. ಎಲ್ಲಿಯದೋ ಆಟ, ಯಾರದೋ ವಿಡಿಯೋ ಅದನ್ನು ಕಲಿಸಿತು. ಸಂದೇಶದಲ್ಲಿ ತಲೆಬುರುಡೆಯ ಇಮೋಜಿ ಕಂಡು ತಾಯಂದಿರು ಗಾಬರಿಯಿಂದ ಶಾಲೆಗೆ ಬರುತ್ತಾರೆ. ಮಕ್ಕಳಲ್ಲಿ ಅದು ಬಹಳಮಟ್ಟಿಗೆ ‘ನಕ್ಕು ನಕ್ಕು ಸತ್ತೆ’ ಎಂಬುದು. ತುಸುವೇ ನಗುವ ಹಳದಿ ಮುಖವನ್ನು ಯಾರೂ ಗಮನಿಸುವುದಿಲ್ಲ. ಅದರಲ್ಲಿ ಎಷ್ಟೋ ಸಲ ಸಿಟ್ಟು, ಚುಚ್ಚುಮಾತು ಇರುತ್ತದೆ. ಸಾವಿನ ಮಾತನ್ನು ಆ್ಯಪ್‌ಗಳು ತಡೆಯುತ್ತವೆಂದು ಪದವನ್ನೇ ತಿರುಚಿ ಬರೆಯುವ ರೂಢಿಯೂ ಬೆಳೆದಿದೆ. ನಿಜವಾದ ಸಂಕಟ ಅಲ್ಲಿ ಅಡಗಿದ್ದರೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

2025ರ ಮಾರ್ಚಿನಲ್ಲಿ ಬಂದ ‘ಅಡೋಲೆಸೆನ್ಸ್’ ಎಂಬ ಬ್ರಿಟಿಷ್ ಧಾರಾವಾಹಿಯಲ್ಲಿ ಒಂದು ಕೊಲೆಯ ತನಿಖೆ ನಡೆಯುತ್ತದೆ. ಹೃದಯದ ಇಮೋಜಿಯ ಒಂದೊಂದು ಬಣ್ಣಕ್ಕೂ ಒಂದೊಂದು ಅರ್ಥವಿದೆ ಎಂದು ಪೊಲೀಸ್ ಅಧಿಕಾರಿಗೆ ತಿಳಿಸುವವನು ಅವನ ಸ್ವಂತ ಮಗ. ಅಲ್ಲಿ ತಂದೆ ಮಗನೆದುರು ವಿದ್ಯಾರ್ಥಿಯಾಗಿ ಕೂರುತ್ತಾನೆ. ನಮ್ಮೂರಲ್ಲಿ ಆಗಬೇಕಾದದ್ದೂ ಅದೇ. ಚಿತ್ರಗಳ ಅರ್ಥದ ಪಟ್ಟಿ ಅಂಟಿಸಿ ಪ್ರಯೋಜನವಿಲ್ಲ. ನಾವು ಕಲಿಯುವಷ್ಟರಲ್ಲಿ ಮಕ್ಕಳು ಬದಲಿಸಿರುತ್ತಾರೆ. ಒಂದೇ ಗುರುತು ಒಂದು ಗುಂಪಿನಲ್ಲಿ ತಮಾಷೆ, ಇನ್ನೊಂದರಲ್ಲಿ ಬೈಗುಳ. ಫೋನು ಕಿತ್ತುಕೊಂಡರೆ ಗುಟ್ಟು ಇನ್ನೂ ಆಳಕ್ಕಿಳಿಯುತ್ತದೆ. ಅದರ ಬದಲು ‘ಇದೇನು ಪುಟ್ಟಾ, ನನಗೂ ಹೇಳಿಕೊಡು’ ಎಂದು ಕೇಳಿ. ನನ್ನ ತರಗತಿಯಲ್ಲಿ ಹೀಗೆ ಕೇಳಿದಾಗ ಮೊದಲು ನಕ್ಕರು, ಆಮೇಲೆ ಪೈಪೋಟಿಯಲ್ಲಿ ಹೇಳಿಕೊಟ್ಟರು. ಪಾಠ ಮುಗಿದ ಮೇಲೆ ಒಬ್ಬಳು ಹಿಂದೆ ಉಳಿದು, ತನಗೆ ಬರುತ್ತಿದ್ದ ಸಂದೇಶವೊಂದನ್ನು ತೋರಿಸಿದಳು. ಅದನ್ನು ತೋರಿಸಲು ಅವಳಿಗೆ ಬೇಕಾಗಿದ್ದದ್ದು ಬೈಯದೆ ಓದುವ ಒಬ್ಬ ಹಿರಿಯರು.

ಪೋಷಕರೇ, ಮೇಷ್ಟ್ರುಗಳೇ, ಈ ವಾರವೇ ನಿಮ್ಮ ಮಗುವನ್ನು ಒಂದು ಗುರುತಿನ ಅರ್ಥ ಕೇಳಿ. ಓದಿದ್ದರಲ್ಲಿ ಬೆದರಿಕೆಯೋ ಶೋಷಣೆಯೋ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ, ಬದುಕು ಬೇಡವೆಂಬ ಮಾತು ಕಂಡರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ತಡಮಾಡದೆ ಕರೆ ಮಾಡಿ.