ಸೂರ್ಯನ ಕಣಗಳಿಗೆ ಅಷ್ಟು ವೇಗ ಎಲ್ಲಿಂದ?

"ಸರ್, ಸೂರ್ಯನ ಮೇಲ್ಮೈ ಬಿಸಿ ಆರು ಸಾವಿರ ಡಿಗ್ರಿಯಷ್ಟೇ ಅಲ್ವಾ? ಹಾಗಾದ್ರೆ ಅಲ್ಲಿಂದ ಬರುವ ಕೆಲವು ಕಣಗಳಿಗೆ ಬೆಳಕಿನ ಹತ್ತಿರದ ವೇಗ ಹೇಗೆ ಬರುತ್ತದೆ?" ಮೊನ್ನೆ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು. ವಿಜ್ಞಾನಿಗಳು ದಶಕಗಳಿಂದ ಕೇಳುತ್ತಿರುವ ಪ್ರಶ್ನೆಯೂ ಇದೇ!

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ, ಕಲೆಗಳ ಮೇಲೆ ಬಿಳಿ ಬೆಳಕು ಫಕ್ಕನೆ ಹೊಳೆದು ಕೆಲವೇ ನಿಮಿಷಗಳಲ್ಲಿ ಮಾಯವಾಯಿತು. ದಾಖಲೆಯಾದ ಮೊದಲ ಸೌರಜ್ವಾಲೆ ಅದು. ಮರುದಿನ ತಂತಿ ಕಚೇರಿಗಳಲ್ಲಿ ಕಿಡಿ ಹಾರಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕವೂ ಆ ಬಿರುಗಾಳಿಯನ್ನು ಬರೆದಿಟ್ಟಿದೆ.

ಜ್ವಾಲೆಯಿಂದ ಅತಿವೇಗದ ಕಣಗಳೂ ಬರುತ್ತವೆ ಎಂದು ಗೊತ್ತಾಗಲು ಮತ್ತೆ 87 ವರ್ಷ ಬೇಕಾಯಿತು. 1942ರಲ್ಲಿ ಎರಡು ಸಲ, 1946ರಲ್ಲಿ ಒಂದು ಸಲ ವಿಶ್ವಕಿರಣ ಅಳೆಯುವ ಉಪಕರಣಗಳು ಇದ್ದಕ್ಕಿದ್ದಂತೆ ಏರಿಕೆ ತೋರಿಸಿದವು. ಇವು ಸೂರ್ಯನಿಂದ ಬಂದ ಆವೇಶಯುಕ್ತ ಕಣಗಳಿರಬಹುದು ಎಂದು 1946ರಲ್ಲಿ ಬರೆದವರು ಅಮೆರಿಕದ ಸ್ಕಾಟ್ ಫೋರ್ಬುಷ್.

ವೇಗ ಕೊಟ್ಟವರು ಯಾರು? ಒಂದು ದಾರಿ ತೋರಿಸಿದ್ದು ಎನ್ರಿಕೊ ಫರ್ಮಿ, 1949ರಲ್ಲಿ. ಎದುರಿಗೆ ಬೀಸಿ ಬರುವ ಬ್ಯಾಟಿಗೆ ತಾಗಿದ ಚೆಂಡು ವೇಗ ಪಡೆಯುತ್ತದೆ, ಹಿಂದೆ ಸರಿಯುವ ಬ್ಯಾಟಿಗೆ ತಾಗಿದರೆ ಕಳೆದುಕೊಳ್ಳುತ್ತದೆ. ಚಲಿಸುವ ಕಾಂತಕ್ಷೇತ್ರಗಳಿಗೆ ತಾಗುವ ಕಣದ ಕತೆಯೂ ಹೀಗೆಯೇ. ಹಾಗಾದರೆ ಲಾಭ ನಷ್ಟ ಸಮ ಆಗಬೇಕಲ್ಲ? ಆಗುವುದಿಲ್ಲ! ಸೈಕಲ್ಲಿನಲ್ಲಿ ಹೋಗುವಾಗ ಲೆಕ್ಕ ಹಾಕಿ ನೋಡಿ: ಹಿಂದಿಕ್ಕುವ ಬಸ್ಸುಗಳಿಗಿಂತ ಎದುರು ಸಿಗುವ ಬಸ್ಸುಗಳೇ ಜಾಸ್ತಿ. ಹಾಗೆ ಸಾವಿರಾರು ಸಲ ತಾಗಿ ತಾಗಿ ಕಣದ ಶಕ್ತಿ ಏರುತ್ತದೆ.

ಫರ್ಮಿ ಹೇಳಿದ್ದು ನಕ್ಷತ್ರಗಳ ನಡುವಿನ ಮೋಡಗಳ ಬಗ್ಗೆ. ಸೂರ್ಯನಲ್ಲಿ ಅಂಥ ಕಲಕಾಟ ಎಲ್ಲಿದೆ? 1957-58ರಲ್ಲಿ ಸ್ವೀಟ್ ಮತ್ತು ಪಾರ್ಕರ್, ವಿರುದ್ಧ ದಿಕ್ಕಿನ ಕಾಂತರೇಖೆಗಳು ಕಡಿದು ಮರುಜೋಡಣೆಯಾದಾಗ ಶಕ್ತಿ ಹೊರಬೀಳುವ ಬಗೆಯನ್ನು ವಿವರಿಸಿದರು. ಆಗ ಚಿಮ್ಮುವ ಪ್ಲಾಸ್ಮಾ ಮಳೆಗಾಲದ ಹೊಳೆಯಂತೆ ಸುಳಿ ಸುಳಿಯಾಗುತ್ತದೆ. ದೊಡ್ಡ ಸುಳಿ ಒಡೆದು ಸಣ್ಣದಾಗುತ್ತಾ ಹೋಗಿ ಕೊನೆಗೆ ಆ ಶಕ್ತಿ ಕಣಗಳ ಪಾಲಾಗುತ್ತದೆ.

ಪಾಲು ಸಣ್ಣದಲ್ಲ. ಜ್ವಾಲೆಯ ಶಕ್ತಿಯಲ್ಲಿ ಶೇಕಡಾ 10ರಿಂದ 50ರಷ್ಟು ಎಲೆಕ್ಟ್ರಾನುಗಳಿಗೇ ಹೋಗಬಹುದೆಂದು 1976ರಲ್ಲಿ ಲಿನ್ ಮತ್ತು ಹಡ್ಸನ್ ಲೆಕ್ಕ ಕೊಟ್ಟರು. 1992ರ ಜನವರಿ 13ರಂದು ಜಪಾನಿನ ಯೋಹ್ಕೊ ಉಪಗ್ರಹ, ಕಾಂತಕಮಾನಿನ ನೆತ್ತಿಗಿಂತಲೂ ಮೇಲೆ ತೀಕ್ಷ್ಣ ಎಕ್ಸ್-ಕಿರಣಗಳನ್ನು ಕಂಡಿತು. ಕಣಗಳ ಗರಡಿಮನೆ ಅಲ್ಲೇ ಎಲ್ಲೋ ಇದೆ ಎಂಬುದಕ್ಕೆ ಬಲವಾದ ಸುಳಿವು ಅದು.

ಇದು ಬರೀ ಕುತೂಹಲದ ವಿಷಯವಲ್ಲ. 1972ರ ಆಗಸ್ಟಿನಲ್ಲಿ ಭಾರೀ ಕಣಮಳೆ ಸುರಿಯಿತು. ಅಪೋಲೊ 16 ಏಪ್ರಿಲಿನಲ್ಲೇ ಮರಳಿತ್ತು, 17 ಹೊರಟದ್ದು ಡಿಸೆಂಬರಿನಲ್ಲಿ. ನಡುವೆ ಯಾರಾದರೂ ಚಂದ್ರನ ಮೇಲೆ ನಡೆಯುತ್ತಿದ್ದರೆ?

ಸುಳಿಗಳ ಪಾಲೆಷ್ಟು, ನೇರ ವಿದ್ಯುತ್ ಕ್ಷೇತ್ರದ ಪಾಲೆಷ್ಟು, ಆಘಾತ ಅಲೆಗಳ ಪಾಲೆಷ್ಟು ಎಂಬ ಚರ್ಚೆ ಮುಗಿದಿಲ್ಲ. 2023ರಲ್ಲಿ ಹೊರಟ ನಮ್ಮ ಆದಿತ್ಯ-ಎಲ್1 ನೌಕೆಯಲ್ಲಿಯೂ ಜ್ವಾಲೆಗಳ ಎಕ್ಸ್-ಕಿರಣ ಅಳೆಯುವ ಉಪಕರಣಗಳಿವೆ. ಆ ಹುಡುಗಿಗೆ ಇಷ್ಟನ್ನು ಹೇಳಿ, "ಉಳಿದದ್ದನ್ನು ನೀನೇ ಕಂಡುಹಿಡಿ ಮಗಳೇ" ಅಂದೆ. ನಕ್ಕಳು.