ಹ್ಯಾಷ್‌ಟ್ಯಾಗ್ ಅಂದ್ರೆ ನಮ್ಮ ಕಡತದ ನಂಬರು



2016ರ 'ಚಲೋ ಉಡುಪಿ' ಬಗ್ಗೆ ಈಗಿನ ಹುಡುಗರು ಕೇಳಿದ್ರೆ, "ಫೇಸ್‌ಬುಕ್‌ನಲ್ಲಿ ಹುಡುಕಿ" ಅಂತೇವೆ. ಹುಡುಕಿದ್ರೆ ಸಿಗೋದು ಚೂರುಪಾರು. ಯಾಕೆ ಹೀಗಾಯ್ತು?

2007ರ ಆಗಸ್ಟ್ 23ರಂದು ಕ್ರಿಸ್ ಮೆಸಿನಾ ಎಂಬ ಅಮೆರಿಕದವರು ಟ್ವಿಟರ್‌ನಲ್ಲಿ ಒಂದು ಸಲಹೆ ಇಟ್ಟರು: ಒಂದೇ ವಿಷಯದ ಮಾತುಗಳಿಗೆಲ್ಲ # ಹಾಕಿ ಒಂದೇ ಹೆಸರು ಕೊಟ್ಟರೆ ಹೇಗೆ? ಕಂಪನಿ ಮೊದಲಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಜನ ಬಳಸಿದರು. 2009ರಲ್ಲಿ ಕಂಪನಿಯೇ ಅದನ್ನು ಒತ್ತಿದರೆ ತೆರೆಯುವ ಹಾಗೆ ಮಾಡಿತು. ಫೇಸ್‌ಬುಕ್‌ಗೆ ಬಂದದ್ದು 2013ರ ಜೂನ್‌ನಲ್ಲಿ. ನಮ್ಮಂಥ ಗುಮಾಸ್ತರಿಗೆ ಇದೇನು ಹೊಸತಲ್ಲ ಮಾರಾಯ್ರೇ. ಪತ್ರದ ಮೇಲೆ 'ವಿಷಯ' ಬರೆಯದಿದ್ರೆ, ಕಡತಕ್ಕೆ ನಂಬರು ಹಾಕದಿದ್ರೆ, ಅದು ಕಪಾಟಿನೊಳಗೆ ಇದ್ದೂ ಇಲ್ಲದ ಹಾಗೆ.

2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ನಮ್ಮನ್ನು ಬಿಟ್ಟು ಹೋದ. ಅವನ ಹೆಸರೇ ಟ್ಯಾಗ್ ಆಯ್ತು, ಪೇಪರಿನವರಿಗೂ ಮುಂಚೆ ನಮಗೆ ಸುದ್ದಿ ಮುಟ್ಟಿತು. ಜುಲೈನಲ್ಲಿ ಗುಜರಾತಿನ ಊನಾದಲ್ಲಿ, ಸತ್ತ ದನದ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನು ಕಟ್ಟಿ ಹೊಡೆದರು. ಆ ವಿಡಿಯೋ ದೇಶವೆಲ್ಲ ಸುತ್ತಿತು, ಅಹಮದಾಬಾದಿನಿಂದ ಊನಾಕ್ಕೆ ಜಾಥಾ ಹೊರಟಿತು. ಅದರ ಬೆನ್ನಿಗೇ ಬಂದದ್ದು ನಮ್ಮ ಜಾಥಾ. ಅಕ್ಟೋಬರ್ 4ಕ್ಕೆ ಬೆಂಗಳೂರಿನಿಂದ ಹೊರಟು, 9ಕ್ಕೆ ಉಡುಪಿಯಲ್ಲಿ ಸಮಾವೇಶ. ಜಿಗ್ನೇಶ್ ಮೇವಾನಿ ಬಂದು ಮಾತಾಡಿದರು. ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು ಅನ್ನೋ ಘೋಷಣೆ ಮಠದ ಊರಲ್ಲೇ ಮೊಳಗಿತು. ಕಲ್ಯಾಣಪುರದಿಂದ ಅದು ಎಷ್ಟು ದೂರ, ಸಂತೆಕಟ್ಟೆ ದಾಟಿದ್ರೆ ಬಂತು.

ಆದರೆ ಟ್ಯಾಗ್? ಒಬ್ಬರು ಚಲೋ ಉಡುಪಿ ಅಂದ್ರೆ ಇನ್ನೊಬ್ಬರು ಉಡುಪಿ ಚಲೋ. ಕೆಲವರು ಇಂಗ್ಲಿಷ್ ಅಕ್ಷರದಲ್ಲಿ, ಕೆಲವರು ಕನ್ನಡದಲ್ಲಿ. ಪದಗಳ ನಡುವೆ ಜಾಗ ಬಿಟ್ಟರೆ ಟ್ಯಾಗ್ ಅಲ್ಲಿಗೇ ತುಂಡು, ಉಳಿಯೋದು ಬರೀ #ಚಲೋ. ಮಿಷನ್ನಿಗೆ ಇವೆಲ್ಲ ಬೇರೆ ಬೇರೆ ಕಡತ.

ಅದೇ ತಿಂಗಳು ಬೆಂಗಳೂರಿನಲ್ಲಿ 'ಸ್ಟೀಲ್ ಫ್ಲೈಓವರ್ ಬೇಡ' ನಡೀತು. ಅಕ್ಟೋಬರ್ 16ಕ್ಕೆ ಮಾನವ ಸರಪಳಿ. ಅವರು ಒಂದೇ ಟ್ಯಾಗ್ ಹಿಡಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಟ್ಯಾಗ್‌ನಿಂದಲೇ ಗೆದ್ದರು ಅಂತ ನಾನು ಹೇಳೋದಿಲ್ಲ, ಅವರ ಹಿಂದೆ ಇಂಗ್ಲಿಷ್ ಪೇಪರುಗಳೂ ಇದ್ದವು. ನಮಗೆ ಯಾವ ಪೇಪರ್ ಉಂಟು? ಹಿಂದಿನ ಹೋರಾಟಗಳ ಕರಪತ್ರ ಎಷ್ಟೋ ಗುಜರಿಗೆ ಹೋಗಿವೆ. ಮಠದ ಚರಿತ್ರೆ ಕಲ್ಲಲ್ಲಿ, ಪುಸ್ತಕದಲ್ಲಿ ಭದ್ರ. ನಮ್ಮ ಜಾಥಾ ಇರೋದು ಮೊಬೈಲಿನಲ್ಲಿ.

ಅದಕ್ಕೇ ಒಂದು ಕೆಲಸ. ಆ ಆರು ದಿನದ ಫೋಟೋ, ವಿಡಿಯೋ ಇದ್ದವರು ಹಳೇ ಪೋಸ್ಟ್ ತೆರೆದು, ತಿದ್ದಿ, ಕೆಳಗಿನ ಟ್ಯಾಗ್ ಸೇರಿಸಿ. ಊರು, ತಾರೀಕು ಬರೀರಿ. ಪೋಸ್ಟ್ 'ಪಬ್ಲಿಕ್' ಇರಲಿ, ಇಲ್ಲದಿದ್ರೆ ನಿಮ್ಮ ಫ್ರೆಂಡ್ಸ್ ಬಿಟ್ಟು ಬೇರೆಯವರಿಗೆ ಕಾಣೋದಿಲ್ಲ. ಇನ್ನೊಂದು ಮಾತು: ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಹೆಸರು, ಮನೆ, ಶಾಲೆ ಯಾವತ್ತೂ ಹಾಕಬೇಡಿ. ಎಷ್ಟೇ ಸಿಟ್ಟಿದ್ರೂ. ಪೋಕ್ಸೋ ಕಾಯ್ದೆಯಲ್ಲಿ ಅದು ಅಪರಾಧ.

#ಚಲೋಉಡುಪಿ2016